ಹತ್ತು ಹುಣಸೆ, ಐದು ಮಾವು

ಸೇಲಂನ ಅಮ್ಮಾಪೇಟೆಯಲ್ಲಿ, ನಮ್ಮ ಬೀದಿಯಲ್ಲಿ, ಬೆಳಕು ಹರಿಯುವ ಮುಂಚೆಯೇ ಹಾಸು ಹರಡುತ್ತಿದ್ದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಿಗಿದು ಕಟ್ಟಿದ ನೂಲು. ಅದರ ಎರಡೂ ಮಗ್ಗುಲಲ್ಲಿ ನಮ್ಮ ಮನೆಯವರು, ಎದುರು ಮನೆಯವರು. ಎಲ್ಲರ ಕೈಯಲ್ಲೂ ಕುಂಚ. ಗಂಜಿ ಹೀರಿದ ನೂಲನ್ನು ಒಂದೇ ದಿಕ್ಕಿಗೆ ತೀಡುತ್ತ ಹೆಜ್ಜೆ ಹಾಕಬೇಕು. ನಾವು ಅದನ್ನು ಹಾಸು ಅನ್ನುತ್ತೇವೆ, ಪಕ್ಕದ ಬೀದಿಯ ತಮಿಳರು ಪಾವು ಅನ್ನುತ್ತಾರೆ, ಕೆಲಸ ಒಂದೇ. ಬಿಸಿಲೇರಿದರೆ ಗಂಜಿ ಬೇಗ ಒಣಗಿ ಎಳೆಗಳು ಗರಿಗಟ್ಟಿ ಪಟಪಟನೆ ತುಂಡಾಗುತ್ತವೆ. ಹಾಗಾಗಿ ಹಾಸಿನ ಕೆಲಸಕ್ಕೆ ಬೆಳಗಿನ ತಂಪೇ ಬೇಕು. ಮೇಲೆ ಮರದ ನೆರಳಿದ್ದರೆ ಇನ್ನೊಂದು ಗಂಟೆ ಕೆಲಸ ಹೆಚ್ಚು ಸಾಗುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಬೇವು, ಒಂದು ಹುಣಸೆ ಇದ್ದವು. ಆ ಎರಡು ಮರಗಳ ಕೆಳಗೆ ಬರುವಾಗ ತಾತ ನಡಿಗೆಯನ್ನು ತುಸು ನಿಧಾನ ಮಾಡಿ ಒಂದು ಪದ್ಯ ಹೇಳುತ್ತಿದ್ದರು. ನಾಲ್ಕೇ ನಾಲ್ಕು ಪಾದದ ಸಂಸ್ಕೃತ ಪದ್ಯ. ಹೋಗುವಾಗ ಎರಡು ಪಾದ, ತಿರುಗಿ ಬರುವಾಗ ಎರಡು ಪಾದ.

ನನಗಾಗ ಎಂಟೋ ಒಂಬತ್ತೋ ವರ್ಷ. ಪದ್ಯದ ಅರ್ಥ ಕೇಳಿದ್ದಕ್ಕೆ ತಾತ ಬೆರಳು ಮಡಿಸಿ ಎಣಿಸಿ ತೋರಿಸಿದರು. ಅರಳಿ ಒಂದು, ಬೇವು ಒಂದು, ಆಲ ಒಂದು. ಹುಣಸೆ ಹತ್ತು. ಬೇಲ, ಬಿಲ್ವ, ನೆಲ್ಲಿ, ಈ ಮೂರು. ಮಾವು ಐದು. ಇಷ್ಟು ನೆಟ್ಟವನು ನರಕ ಕಾಣುವುದಿಲ್ಲ. ಅಷ್ಟೇ ಪದ್ಯ. ಇದರಲ್ಲಿ ಉಪಮೆಯಿಲ್ಲ, ಅಲಂಕಾರವಿಲ್ಲ, ಮರ ಎಷ್ಟು ದೊಡ್ಡದು ಎಂಬ ಹೊಗಳಿಕೆಯಿಲ್ಲ. ಹೆಸರು, ಲೆಕ್ಕ, ಕೊನೆಗೆ ಒಂದು ಮಾತು. ಐವತ್ತು ವರ್ಷಕ್ಕೂ ಮೇಲಾಯಿತು, ನಾನು ಇಂದಿಗೂ ಈ ಪದ್ಯವನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಲೇ ಇದ್ದೇನೆ. ಇನ್ನೂ ರಸ ಮುಗಿದಿಲ್ಲ.

ನಾವು ದೇವಾಂಗದವರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಗುಡಿಯಲ್ಲಿ ಚೌಡೇಶ್ವರಿ. ಮಾತು ಕನ್ನಡವಾದರೂ ಅಕ್ಷರ ತಮಿಳೇ. ತಾತ ತಮ್ಮ ನೂಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಈ ಪದ್ಯವನ್ನು ತಮಿಳು ಲಿಪಿಯಲ್ಲಿ ಬರೆದಿಟ್ಟಿದ್ದರು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಚಕಾರವನ್ನೇ ಸಕಾರವಾಗಿಯೂ ಓದುತ್ತಾರೆ. ಬೇವಿಗೆ ಪದ್ಯದಲ್ಲಿರುವ ಹೆಸರು ಪಿಚುಮಂದ. ತಾತ ತೀರಿಕೊಂಡ ಮೇಲೆ ಪುಸ್ತಕ ನೋಡಿ ನಾನು ಓದಿಕೊಂಡದ್ದು ಪಿಸುಮಂದ. ಪಿಸುಮಾತು ಆಡುವ ಮರ ಎಂದು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡಿದ್ದೆ. ಚಿತ್ತಿರೈ ತಿಂಗಳ ಇರುಳಲ್ಲಿ ಬೇವು ಹೂಬಿಟ್ಟಾಗ, ಆ ನವಿರು ಕಹಿಗಂಪು ಬೀದಿಯುದ್ದಕ್ಕೂ ಹಬ್ಬಿ ಎಲೆಗಳು ಅಲುಗುವಾಗ, ಆ ಹೆಸರು ಎಷ್ಟು ಸರಿ ಅನ್ನಿಸುತ್ತಿತ್ತು! ಮುಂದೆ ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕನ್ನಡ ಅಕ್ಷರ ಕಲಿತೆ. ಸರಿಯಾದ ಪಾಠ ಆಗ ಗೊತ್ತಾಯಿತು. ಆದರೂ ಬೇವಿನ ಕೆಳಗೆ ನಿಂತಾಗ ಬಾಯಿಗೆ ಮೊದಲು ಬರುವುದು ಆ ಪಿಸುಮಂದವೇ.

ಇನ್ನೊಂದು ಪದವೂ ಹಾಗೆಯೇ ನನ್ನನ್ನು ಬಹಳ ದಿನ ಕಾಡಿತು. ಕೊನೆಯ ಪಾದದಲ್ಲಿ ಮಾವಿನ ಹೆಸರಿಗೆ ಅಂಟಿಕೊಂಡು ‘ವಾಪಿ’ ಎಂಬ ಮಾತು ಬರುತ್ತದೆ. ವಾಪಿ ಎಂದರೆ ಬಾವಿ, ಕೊಳ ಎಂದು ಎಲ್ಲರಿಗೂ ಗೊತ್ತು. ಐದು ಮಾವು, ಜೊತೆಗೆ ಒಂದು ಬಾವಿ ಎಂದೇ ನಾನು ತಿಳಿದಿದ್ದೆ. ನೀರಿಲ್ಲದೆ ಮಾವು ಎಲ್ಲಿ ಬಂದೀತು? ಕವಿ ಬಾವಿಯನ್ನೂ ಮರೆತಿಲ್ಲ ಎಂದು ಖುಷಿಪಟ್ಟಿದ್ದೆ. ವ್ಯಾಕರಣ ಬಲ್ಲವರು ಒಬ್ಬರು ತಿದ್ದಿದರು: ಇಲ್ಲಿ ಅದು ಬಿತ್ತು ಎಂಬ ಧಾತುವಿನಿಂದ ಬಂದ ಮಾತು, ಐದು ಮಾವು ಬಿತ್ತಿದವನು ಎಂದರ್ಥ. ಕೆಲವು ಪಾಠಗಳಲ್ಲಿ ಅದರ ಬದಲು ನೆಟ್ಟವನು ಎಂಬ ಪದವೇ ಇದೆಯಂತೆ. ಅರ್ಥ ಅವರು ಹೇಳಿದ್ದೇ ಸರಿ. ಆದರೆ ಧರ್ಮಪುರಿಯಂಥ ಒಣ ಸೀಮೆಯಲ್ಲಿ ಗಿಡ ನೆಟ್ಟವನಿಗೆ ಆ ಶಬ್ದದೊಳಗೆ ಬಾವಿಯ ನೀರು ಕಂಡೇ ಕಾಣುತ್ತದೆ.

ಛಂದಸ್ಸು ಗೊತ್ತಾದ ಮೇಲೆ ಪದ್ಯ ಇನ್ನೂ ಹತ್ತಿರವಾಯಿತು. ಪಾದಕ್ಕೆ ಹನ್ನೊಂದು ಅಕ್ಷರದ ಉಪಜಾತಿ ಇದು. ಒಟ್ಟು 44 ಅಕ್ಷರ, ಅದರಲ್ಲಿ 21 ಮರ. ಮೂರು ಪಾದಗಳು ಗುರುವಿನಿಂದ ಶುರುವಾಗುತ್ತವೆ, ನೆಲಕ್ಕೆ ಗುದ್ದಲಿ ಹಾಕಿದ ಹಾಗೆ ಗಟ್ಟಿ ಹೆಜ್ಜೆ. ಮೂರನೆಯ ಪಾದ ಮಾತ್ರ ಲಘುವಿನಿಂದ ಏಳುತ್ತದೆ. ಅದೇ ಬೇಲ, ಬಿಲ್ವ, ನೆಲ್ಲಿಯ ಪಾದ. ಮೊದಲೆರಡು ಪಾದಗಳಲ್ಲಿ ಮರಗಳು ಒಂದೊಂದೂ ಬಿಡಿಬಿಡಿಯಾಗಿ, ‘ಒಂದು’ ‘ಒಂದು’ ಎಂದು ಹೇಳಿಸಿಕೊಳ್ಳುತ್ತ, ನಡುವೆ ಜಾಗ ಬಿಟ್ಟು ನಿಲ್ಲುತ್ತವೆ. ಅರಳಿ, ಆಲಗಳಿಗೆ ಬೇಕಾದಷ್ಟು ಜಾಗ. ಮೂರನೆಯ ಪಾದಕ್ಕೆ ಬಂದರೆ ಮೂರು ಮರಗಳೂ ಒಂದೇ ಸಮಾಸದಲ್ಲಿ ತೆಕ್ಕೆಬಿದ್ದಿವೆ. ಬಿಲ್ವದ ಕೊನೆಯ ಸ್ವರವೂ ಆಮಲಕದ ಮೊದಲ ಸ್ವರವೂ ಸಂಧಿಯಾಗಿ ಒಂದೇ ದೀರ್ಘವಾಗುತ್ತವೆ; ಅಕ್ಕಪಕ್ಕದ ಎರಡು ಮರಗಳ ಕೊಂಬೆ ಒಂದರೊಳಗೊಂದು ಹೊಕ್ಕ ಹಾಗೆ. ತೋಟದಲ್ಲಿ ಎಲ್ಲಿ ಅಂತರ ಬಿಡಬೇಕು, ಎಲ್ಲಿ ಒತ್ತಾಗಿ ಹಾಕಬಹುದು ಎಂಬುದನ್ನು ಪದ್ಯ ತನ್ನ ಉಸಿರಿನಲ್ಲೇ ಹೇಳುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಕವಿ ಇದನ್ನು ಉದ್ದೇಶಪಟ್ಟು ಮಾಡಿದನೋ ಇಲ್ಲವೋ, ನೂರು ಸಲ ಹೇಳಿಕೊಂಡವನಿಗೆ ಕೇಳಿಸುವುದು ಹೀಗೆ.

ಈ ಪದ್ಯಕ್ಕೆ ಬೇರೆ ಬೇರೆ ರೂಪಗಳಿವೆ. ವರಾಹಪುರಾಣದಲ್ಲಿ ಹುಣಸೆಯ ಜಾಗಕ್ಕೆ ಹತ್ತು ಹೂಗಿಡಗಳು ಬರುತ್ತವೆ, ಎರಡೆರಡು ದಾಳಿಂಬೆ, ಮಾದಲಗಳೂ ಸೇರುತ್ತವೆ. ನಮ್ಮ ತಾತ ಹೇಳುತ್ತಿದ್ದ ಹುಣಸೆಯ ಪಾಠ ಸುರಪಾಲನ ‘ವೃಕ್ಷಾಯುರ್ವೇದ’ದಲ್ಲಿದೆ. ಗಿಡ ನೆಡುವುದು, ಗೊಬ್ಬರ ಹಾಕುವುದು, ರೋಗಕ್ಕೆ ಮದ್ದು ಮಾಡುವುದನ್ನೆಲ್ಲ ಪದ್ಯದಲ್ಲೇ ಹೇಳುವ ಗ್ರಂಥ ಅದು. ಅದರ ಹಸ್ತಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿತ್ತು. ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾದದ್ದು 1996ರಲ್ಲಿ. ನಮ್ಮ ಕನ್ನಡದಲ್ಲೂ ಈ ವಿದ್ಯೆ ಹಳೆಯದು. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ. ಲೋಕೋಪಕಾರ ಎಂಬ ಹೆಸರಿನ ಪುಸ್ತಕದೊಳಗೆ ಗಿಡ ಬೆಳೆಸುವ ಮಾತು ಇದೆ ಎಂಬುದೇ ನನಗೆ ಹಬ್ಬದ ಹಾಗೆ. ಇನ್ನು ಹುಣಸೆಯ ಪಾಠವೋ ಹೂವಿನ ಪಾಠವೋ ಎಂದರೆ, ನನ್ನ ಮನಸ್ಸು ಹುಣಸೆಯ ಕಡೆಗೇ. ಸೇಲಂ–ಧರ್ಮಪುರಿಯಲ್ಲಿ ಹುಟ್ಟಿದವನು ಬೇರೆ ಏನು ಹೇಳಿಯಾನು?

ಈ ಸೀಮೆಯ ಹುಣಸೆಯ ವಿಚಾರ ಎತ್ತಿದರೆ ಬೆಂಗಳೂರಿನ ಬಸ್ಸಿನಿಂದ ಶುರು ಮಾಡಬೇಕು. ಎಳವೆಯಲ್ಲಿ ಸೇಲಂನಿಂದ ಸೋದರತ್ತೆಯ ಮನೆಗೆ ಹೊರಟರೆ ತೊಪ್ಪೂರು ಕಣಿವೆ ಹತ್ತಿ, ಧರ್ಮಪುರಿ ದಾಟಿ, ಕೃಷ್ಣಗಿರಿಯ ಮೇಲೆ ಹೋಗುವ ಹಾದಿ. ಆಗ ಅದು 7ನೇ ನಂಬರಿನ ಹೆದ್ದಾರಿ, ಈಗ 44. ಎರಡೂ ಮಗ್ಗುಲಲ್ಲಿ ಹುಣಸೆ ಮರಗಳು. ಈ ಮಗ್ಗುಲಿನ ಕೊಂಬೆ ಆ ಮಗ್ಗುಲಿನ ಕೊಂಬೆಯನ್ನು ಮುಟ್ಟಿ ಮೈಲಿಗಟ್ಟಲೆ ಹಸಿರು ಚಪ್ಪರ. ಕಿಟಕಿಯ ಪಕ್ಕ ಕೂತರೆ ನೆರಳು, ಬಿಸಿಲು, ನೆರಳು, ಬಿಸಿಲು ಎಂದು ಮುಖದ ಮೇಲೆ ಮಗ್ಗದ ಲಾಳಿಯಂತೆ ಓಡುತ್ತಿತ್ತು. ಪ್ರತಿ ಬೊಡ್ಡೆಗೂ ಸುಣ್ಣದ ಪಟ್ಟೆ, ಪಟ್ಟೆಯ ಮೇಲೆ ಕಪ್ಪಕ್ಷರದಲ್ಲಿ ನಂಬರು. ಮರಗಳ ಫಲವನ್ನು ವರ್ಷವರ್ಷವೂ ಹರಾಜು ಹಾಕುತ್ತಿದ್ದರು. ಮಾಸಿ, ಪಂಗುನಿ ತಿಂಗಳಲ್ಲಿ ಗುತ್ತಿಗೆ ಹಿಡಿದವರು ಗಳು ಹಿಡಿದು ಕೊಂಬೆ ಬಡಿಯುತ್ತಿದ್ದರು, ಕೆಳಗೆ ಗೋಣಿ ಹಾಸಿ ಹೆಂಗಸರು ಆಯುತ್ತಿದ್ದರು. ನಾನು ನಂಬರು ಎಣಿಸುತ್ತ ಎಣಿಸುತ್ತ ನಿದ್ದೆ ಹೋಗುತ್ತಿದ್ದೆ. ಏಳುವಷ್ಟರಲ್ಲಿ ಹೊಸೂರು.

ಪಾಪ್ಪಿರೆಡ್ಡಿಪಟ್ಟಿಯ ಕಡೆ ಹೋದರೆ ಸುಗ್ಗಿಯಲ್ಲಿ ಮನೆಮನೆಯ ಜಗುಲಿಯ ಮೇಲೂ ಹುಣಸೆಯ ಗುಡ್ಡೆ. ಸಿಪ್ಪೆ ಸುಲಿದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬೇರೆ ಮಾಡುವುದು ಹೆಂಗಸರ ಕೆಲಸ. ದಿನವಿಡೀ ಟಕ್ ಟಕ್ ಸದ್ದು. ಬೀಜವನ್ನು ಬಿಸಾಡುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಅದನ್ನು ಹುರಿದು, ಕೆಂಪು ಸಿಪ್ಪೆ ಬಿಡಿಸಿ, ಬೀಸುಕಲ್ಲಿನಲ್ಲಿ ಹಿಟ್ಟು ಮಾಡಿ ಗಂಜಿ ಕಾಯಿಸುತ್ತಿದ್ದಳು. ಹಾಸಿನ ನೂಲಿಗೆ ಹಚ್ಚುತ್ತಿದ್ದುದು ಆ ಗಂಜಿಯನ್ನೇ. ಹುಣಸೆಯ ನೆರಳಲ್ಲಿ ಹುಣಸೆಬೀಜದ ಗಂಜಿ ಕುಡಿದ ನೂಲು ಪಂಚೆಯಾಗುತ್ತಿತ್ತು. ತಾತ ಆ ಮರದ ಕೆಳಗೆ ಬಂದಾಗ ಪದ್ಯ ಹೇಳಿಕೊಳ್ಳುತ್ತಿದ್ದುದು ಯಾಕೆಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಹುಣಸೆ ಈ ನೆಲದ್ದಲ್ಲ, ಆಫ್ರಿಕದ ಕಡೆಯಿಂದ ಎಂದೋ ಬಂದು ಇಲ್ಲಿಯದೇ ಆದ ಮರ. ಅರಬರು ಅದನ್ನು ಹಿಂದ್ ದೇಶದ ಖರ್ಜೂರ ಎಂದು ಕರೆದರು, ಇಂಗ್ಲಿಷಿನ ಹೆಸರು ಹುಟ್ಟಿದ್ದು ಅದರಿಂದ. ಬಂದ ಮರಕ್ಕೆ ಪದ್ಯದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಿಕ್ಕಿದೆ, ಇಪ್ಪತ್ತೊಂದರಲ್ಲಿ ಹತ್ತು. ಯಾಕೆ ಹತ್ತು? ಈ ಪ್ರಶ್ನೆಯನ್ನು ನಾನು ಬಹಳ ಕಾಲ ಮೆಲುಕು ಹಾಕಿದ್ದೇನೆ. ಹುಣಸೆ ಪ್ರತಿವರ್ಷ ಒಂದೇ ಸಮನೆ ಕಾಯುವ ಮರವಲ್ಲ. ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ, ಮುಂದಿನ ವರ್ಷ ಬರೀ ಎಲೆ. ಒಂದೇ ಮರ ನೆಟ್ಟುಕೊಂಡವನ ಮನೆಯಲ್ಲಿ ಒಂದು ವರ್ಷ ಸಾರಿಗೆ ಹುಳಿಯಿದ್ದರೆ ಇನ್ನೊಂದು ವರ್ಷ ಇಲ್ಲ. ಹತ್ತು ಇದ್ದರೆ ಯಾವುದಾದರೂ ನಾಲ್ಕು ಕೈಬಿಡುವುದಿಲ್ಲ. ಮತ್ತೆ, ಬೀಜದಿಂದ ಎದ್ದ ಹುಣಸೆ ಫಲ ಕೊಡಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮೇಕೆ ತಿಂದದ್ದು, ಒಣಗಿದ್ದು, ಸಿಡಿಲು ಬಡಿದದ್ದು ಎಂದು ಕಳೆದರೂ ಕೆಲವು ಉಳಿಯುತ್ತವೆ. ಇದು ಮನೆ ನಡೆಸಿ ಗೊತ್ತಿದ್ದವನ ಲೆಕ್ಕ.

ಐದು ಮಾವಿನ ಲೆಕ್ಕವೂ ಹಾಗೆಯೇ. ಇಂದು ನಾವು ಕಸಿಗಿಡ ತಂದು ನೆಡುತ್ತೇವೆ. ಯಾವ ಹಣ್ಣು ಬರುತ್ತದೆ ಎಂಬುದು ನೆಡುವ ದಿನವೇ ಗೊತ್ತು. ಪದ್ಯ ಹೇಳುವುದು ಓಟೆ ಬಿತ್ತುವ ಮಾತು. ನಮ್ಮ ಕಡೆಯ ಮಾವಿನ ಓಟೆಯಿಂದ ಎದ್ದ ಗಿಡ ತಾಯಿಯಂತೆ ಇರುತ್ತದೆಂಬ ಭರವಸೆಯಿಲ್ಲ. ಮಲಗೋವದ ಓಟೆ ಹಾಕಿದರೆ ನಾರು ತುಂಬಿದ ಹುಳಿಮಾವು ಬಂದೀತು, ಬೇಲಿಯ ಕಾಡುಮಾವಿನ ಓಟೆಯಿಂದ ಅಮೃತದಂಥ ಹಣ್ಣೂ ಬಂದೀತು. ಐದು ಬಿತ್ತಿದರೆ ಒಂದು ಚೆನ್ನಾಗಿ ಬರುತ್ತದೆ. ಉಳಿದ ನಾಲ್ಕು ಉಪ್ಪಿನಕಾಯಿಗೆ, ಅಳಿಲಿಗೆ, ಗಿಣಿಗೆ, ದಾರಿಹೋಕ ಹುಡುಗರ ಕಲ್ಲಿಗೆ. ಸೇಲಂನ ಮಾವಿನ ಮಂಡಿಯಲ್ಲಿ ಗುಂಡು, ಇಮಾಂ ಪಸಂದ್, ಸೆಂದೂರ, ನಡುಸಾಲೈ ಎಂದು ಸಾಲಾಗಿ ಬುಟ್ಟಿ ಇಟ್ಟಿರುವುದನ್ನು ಕಂಡಾಗ, ಈ ಪ್ರತಿಯೊಂದು ಹೆಸರಿನ ಹಿಂದೆಯೂ ಎಂದೋ ಯಾರೋ ಎಸೆದ ಒಂದು ಓಟೆ, ಯಾರೋ ಕಾಪಾಡಿದ ಒಂದು ಗಿಡ ಇತ್ತಲ್ಲ ಎಂದು ಮೈ ಜುಮ್ಮೆನ್ನುತ್ತದೆ. ಬೆಂಗಳೂರಿನವರು ತೋತಾಪುರಿ, ಗಿಣಿಮೂತಿ ಎಂದು ಕರೆಯುವ ಕಾಯಿಗೆ ಸೇಲಂನಲ್ಲಿ ‘ಬೆಂಗಳೂರಾ’ ಎಂದು ಹೆಸರು. ಗಡಿಯ ಈಚೆ ಆಚೆಯ ಎರಡು ಊರುಗಳು ಒಂದು ಮಾವಿನಕಾಯಿಯಲ್ಲಿ ಸಂಬಂಧ ಇಟ್ಟುಕೊಂಡಿವೆ.

ಒಂದೊಂದು ಮಾತ್ರ ನೆಡಬೇಕೆಂದ ಮೂರು ಮರಗಳಲ್ಲಿ ಅರಳಿ, ಬೇವು ಪದ್ಯದ ಮೊದಲ ಪಾದದಲ್ಲಿ ಅಕ್ಕಪಕ್ಕ ನಿಂತಿವೆ. ಈ ಸೀಮೆಯ ಯಾವ ಊರ ಅರಳಿಕಟ್ಟೆಗೆ ಹೋದರೂ ಅವು ನಿಂತಿರುವುದು ಹಾಗೆಯೇ. ಅರಳಿ, ಬೇವಿಗೆ ಮದುವೆ ಮಾಡಿಸಿ ಕಟ್ಟೆ ಕಟ್ಟಿಸಿರುತ್ತಾರೆ, ಬುಡದಲ್ಲಿ ಪಿಳ್ಳೆಯಾರಪ್ಪ, ನಾಗರಕಲ್ಲು. ಪದ್ಯ ಕಟ್ಟಿದವನು ಅಂಥ ಕಟ್ಟೆಯ ಮೇಲೆ ಕೂತೇ ಕಟ್ಟಿದ್ದಾನು. ಆಲ, ಅರಳಿಗೆ ಒಂದಕ್ಕಿಂತ ಹೆಚ್ಚು ಬೇಡ ಎಂಬುದರಲ್ಲೂ ವಿವೇಕವಿದೆ. ಆ ಎರಡೂ ಮರಗಳ ಬೀಜ ಸಾಸಿವೆಗಿಂತ ಚಿಕ್ಕದು. ಹಣ್ಣು ತಿಂದ ಹಕ್ಕಿ ಎಲ್ಲಿ ಹಿಕ್ಕೆ ಹಾಕುತ್ತದೋ ಅಲ್ಲಿ ಮೊಳೆಯುತ್ತದೆ, ಗೋಡೆಯ ಬಿರುಕಾದರೂ ಸರಿ, ಈಚಲ ಮರದ ಸಂದಾದರೂ ಸರಿ. ನಾವು ಒಂದು ನೆಟ್ಟರೆ ಸಾಕು, ಮಿಕ್ಕದ್ದು ಗೊರವಂಕ, ಕುಟ್ರುಹಕ್ಕಿಗಳ ಪಾಲಿನ ಕೆಲಸ. ಪದ್ಯ ಆಲ ಒಂದು ಎಂದಿತು. ನಮ್ಮ ಸಾಲುಮರದ ತಿಮ್ಮಕ್ಕ ಹುಲಿಕಲ್ಲಿನಿಂದ ಕುದೂರಿನವರೆಗೆ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು 385. ಆ ರಸ್ತೆಯನ್ನು ಒಮ್ಮೆ ನಡೆದು ನೋಡಿ ಬಂದಿದ್ದೇನೆ. ಎಳೆ ಬಿಳಲುಗಳ ಕೆಳಗೆ ನಿಂತು, ಒಬ್ಬಳು ಹೆಣ್ಣುಮಗಳು ತಲೆಯ ಮೇಲೆ ಹೊತ್ತ ನೀರು ಇಷ್ಟೆತ್ತರಕ್ಕೆ ಏರಿದೆಯಲ್ಲ ಎಂದು ಕಣ್ಣು ತುಂಬಿತು.

ಬೇಲ, ಬಿಲ್ವ, ನೆಲ್ಲಿಯ ಪಾದವನ್ನು ಧರ್ಮಪುರಿಯಲ್ಲಿ ನಿಂತು ಹೇಳಿಕೊಂಡರೆ ರುಚಿಯೇ ಬೇರೆ. ಧರ್ಮಪುರಿಯ ಹಳೆಯ ಹೆಸರು ತಗಡೂರು, ಅದಿಯಮಾನ್ ನೆಡುಮಾನ್ ಅಂಜಿ ಎಂಬ ಸಂಗಂ ಕಾಲದ ದೊರೆಯ ಊರು. ಬೆಟ್ಟದ ಕಡಿದಾದ ಬಿರುಕಿನಿಂದ ಬಂದ ಒಂದು ಅಪೂರ್ವ ನೆಲ್ಲಿಕಾಯಿ ಅವನ ಕೈಗೆ ಸಿಕ್ಕಿತಂತೆ. ತಿಂದವರಿಗೆ ದೀರ್ಘಾಯುಸ್ಸು. ಅದರ ಮಹಿಮೆಯನ್ನು ಬಾಯಿಬಿಟ್ಟು ಹೇಳದೆ ಅವನು ಅದನ್ನು ಕವಿ ಔವೈಯಾರ್ ಕೈಗಿಟ್ಟ. ತಿಂದ ಮೇಲೆ ಗೊತ್ತಾಗಿ ಆಕೆ ಅವನನ್ನು ಹರಸಿ ಹಾಡಿದ ಪದ್ಯ ‘ಪುರನಾನೂರು’ ಸಂಗ್ರಹದ 91ನೆಯದು. ಅದೇ ತಗಡೂರಿನಲ್ಲಿ ನೊಳಂಬರ ಕಾಲದ, 9ನೇ ಶತಮಾನದ ಕನ್ನಡ ಶಾಸನಗಳೂ ಸಿಕ್ಕಿವೆ. ಒಂದೇ ಊರಿನ ಮಣ್ಣು ಎರಡೂ ಭಾಷೆಗೆ ಒದಗಿದೆ. ನಮ್ಮ ಹಿರಿಯರು ಬಾವಿ ತೋಡಿದರೆ ತಳಕ್ಕೆ ನೆಲ್ಲಿಯ ಹಲಗೆ ಇಳಿಸುತ್ತಿದ್ದರು, ನೀರು ಸಿಹಿಯಾಗುತ್ತದೆ ಎಂದು. ನೆಲ್ಲಿಕಾಯಿ ಜಗಿದು ನೀರು ಕುಡಿದವರಿಗೆ ಆ ಸಿಹಿ ಏನೆಂದು ಹೇಳಬೇಕಾಗಿಲ್ಲ.

‘ಮೂರು’ ಎಂಬ ಮಾತಿನ ಮೇಲೆ ಓದುವವರಲ್ಲಿ ಒಮ್ಮತವಿಲ್ಲ. ಮೂರು ಜಾತಿಯ ಒಂದೊಂದೋ, ಮೂರು ಜಾತಿಯ ಮೂರು ಮೂರೋ? ಮೂರು ಮೂರಾದರೆ ಒಟ್ಟು 27, ಒಂದೊಂದಾದರೆ 21. ನಾನು 21 ಎಂದೇ ಇಟ್ಟುಕೊಂಡಿದ್ದೇನೆ. ಒಬ್ಬ ಸಾಮಾನ್ಯ ಮನುಷ್ಯ ಬದುಕಿನಲ್ಲಿ ಮಾಡಿ ಮುಗಿಸಬಹುದಾದ ಲೆಕ್ಕ ಅದು. ಮತ್ಸ್ಯಪುರಾಣ ಒಂದು ಮರ ಹತ್ತು ಮಕ್ಕಳಿಗೆ ಸಮ ಎಂದು ಹೇಳುತ್ತದೆ, ಅಶೋಕ ದಾರಿಯುದ್ದಕ್ಕೂ ಆಲ ನೆಡಿಸಿದೆನೆಂದು ಕಂಬದ ಮೇಲೆ ಕೆತ್ತಿಸಿದ. ಅವೆಲ್ಲ ದೊಡ್ಡ ಮಾತು. ನಮ್ಮ ಪದ್ಯದಲ್ಲಿ ರಾಜನಿಲ್ಲ, ಪುರೋಹಿತನಿಲ್ಲ, ಮಕ್ಕಳ ಹೋಲಿಕೆಯಿಲ್ಲ. ಕ್ರಿಯಾಪದ ಏಕವಚನದಲ್ಲಿದೆ. ಹಾಸು ತೀಡುವ ನಮ್ಮ ತಾತನಂಥವರು ತಮಗೇ ಹೇಳಿದ್ದೆಂದು ಭಾವಿಸಿಕೊಳ್ಳಬಹುದಾದ ಏಕವಚನ. ಕೊಡುತ್ತೇನೆಂದ ಫಲವೂ ಎಷ್ಟು ಮಿತ! ಸ್ವರ್ಗದ ಮಾತೇ ಇಲ್ಲ. ನರಕವನ್ನು ಕಾಣನು, ಅಷ್ಟೇ. ವರಾಹಪುರಾಣದ ರೂಪದಲ್ಲಿ ನರಕಕ್ಕೆ ಹೋಗನು ಎಂದಿದೆ, ನಮ್ಮ ಪಾಠದಲ್ಲಿ ಕಾಣನು ಎಂದಿದೆ. ಹೋಗುವುದು ಸತ್ತ ಮೇಲಿನ ಮಾತು. ಕಾಣುವುದಕ್ಕೆ ಬದುಕಿರುವ ಕಣ್ಣು ಸಾಕು.

ಆ ಕಣ್ಣಿನಿಂದ ನಾನು ಕಂಡಿದ್ದೇನೆ. ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲಿಸಿದಾಗ ಹುಣಸೆ ಮರಗಳು ಹೋದವು. ಒಂದು ಬೇಸಿಗೆ ಬೆಂಗಳೂರಿನಿಂದ ಬರುವಾಗ ಧರ್ಮಪುರಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಳಿದವರು ನಲವತ್ತು ಜನ, ನಿಲ್ಲಲು ನೆರಳು ಬಸ್ಸಿನದೇ. ರಸ್ತೆಯ ಪಕ್ಕ ಕಡಿದ ಬೊಡ್ಡೆಗಳು ಸಾಲಾಗಿ ಬಿದ್ದಿದ್ದವು, ಕೆಲವುಗಳ ಮೇಲೆ ಸುಣ್ಣದ ಪಟ್ಟೆ, ನಂಬರು ಹಾಗೇ ಉಳಿದಿತ್ತು. ಒಬ್ಬಳು ತಾಯಿ ಎಳೆಗೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಥದೊಂದು ಬೊಡ್ಡೆಯ ಮೇಲೆ ಕೂತಿದ್ದಳು. ರಸ್ತೆ ಅಗಲವಾದದ್ದರಿಂದ ಅನುಕೂಲವೂ ಆಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಅದೇ ರಸ್ತೆಯಲ್ಲಿ. ಆದರೆ ಆ ಮಧ್ಯಾಹ್ನ ಪದ್ಯದ ಕೊನೆಯ ಪಾದ ನನ್ನ ಬಾಯಿಗೆ ಬಂದು, ಹೇಳಲಾಗದೆ ಗಂಟಲಲ್ಲೇ ನಿಂತುಬಿಟ್ಟಿತು.

ಆ ವರ್ಷವೇ ನಾನು ಪದ್ಯವನ್ನು ನೆಲದಲ್ಲಿ ಬರೆಯಲು ಶುರು ಮಾಡಿದೆ. ಪೆನ್ನಾಗರದಿಂದ ಹೊಗೆನಕಲ್ಲಿಗೆ ಹೋಗುವ ದಾರಿಯ ಒಳಹಳ್ಳಿಯೊಂದರಲ್ಲಿ ನನ್ನ ಸೋದರಮಾವನ ಜಮೀನಿದೆ. ರಾಗಿ, ಅವರೆ ಬೆಳೆಯುವ ಕೆಂಪು ಕಲ್ಲುನೆಲ. ಹತ್ತು ಹುಣಸೆ ಹಾಕುತ್ತೇನೆ ಎಂದಾಗ ಮಾವ ತಲೆಯಾಡಿಸಿದರು. “ಹುಣಸೆ ಯಾಕಪ್ಪ? ಅದರಡಿ ಒಂದು ಹಿಡಿ ರಾಗಿ ಬೆಳೆಯಲ್ಲ.” ಅವರ ಮಾತು ನಿಜ. ಗೆರೆ ಎಳೆದು ಬದುವಿನ ಮೇಲೆ, ದಾರಿಯ ಕಡೆಗೆ ಹಾಕುತ್ತೇನೆ, ನೆರಳು ದಾರಿಗೆ ಬೀಳಲಿ ಎಂದೆ. “ಹಾಗಾದ್ರೆ ಹಾಕು” ಎಂದರು. ಸೇಲಂನ ನರ್ಸರಿಯವನು ಹುಣಸೆ ಸಸಿ ಕೇಳಿದ್ದಕ್ಕೆ ಬೆರಗಾಗಿ, “ಪತ್ತು ವರುಷಂ ಆಗುಮೇ ಅಯ್ಯಾ, ಕಾಯ್ಕ್ಕಿರದುಕ್ಕು” ಎಂದ, ಕಾಯಿ ಬಿಡಲು ಹತ್ತು ವರ್ಷವಾಗುತ್ತದಲ್ಲ ಎಂದು. ಆಗಲಿ ಎಂದೆ. ಕೊನೆಗೆ ಸಸಿ ಕೊಳ್ಳಲಿಲ್ಲ. ಪಾಪ್ಪಿರೆಡ್ಡಿಪಟ್ಟಿಯ ಜಗುಲಿಯೊಂದರಿಂದ ಒಂದು ಬೊಗಸೆ ಬೀಜ ಕೇಳಿ ತಂದು, ಇರುಳೆಲ್ಲ ನೀರಲ್ಲಿ ನೆನೆಸಿ, ಬೆಳಿಗ್ಗೆ ಮಣ್ಣು ತುಂಬಿದ ಚೀಲಗಳಲ್ಲಿ ಊರಿದೆ. ಎರಡು ವಾರಕ್ಕೆ ಮೊಳಕೆ. ಬೀಜವೇ ಎರಡು ಹೋಳಾಗಿ ತಲೆಯ ಮೇಲೆ ಟೊಪ್ಪಿಗೆ ಹೊತ್ತು ಮೇಲೇಳುತ್ತದೆ. ಸಂಜೆಯಾದರೆ ಬೆರಳುದ್ದದ ಆ ಸಸಿ ದೊಡ್ಡ ಮರದ ಹಾಗೆಯೇ ಎಲೆ ಮಡಿಚಿ ಮಲಗುತ್ತದೆ. ಅದನ್ನು ನೋಡಲೆಂದೇ ನಾನು ಎಷ್ಟೋ ಸಂಜೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೇನೆ.

ನೀರಿನ ದಾರಿಗೆ ನನ್ನ ಕುಲಕಸುಬೇ ಕೈಹಿಡಿಯಿತು. ಪ್ರತಿ ಗಿಡದ ಪಕ್ಕ ಒಂದು ಮಣ್ಣಿನ ಮಡಕೆ ಹೂತು, ಅದರ ತಳದಲ್ಲಿ ಸಣ್ಣ ತೂತು ಕೊರೆದು, ಮಗ್ಗದಲ್ಲಿ ಉಳಿಯುವ ತುಂಡು ನೂಲನ್ನು ಹೊಸೆದು ಬತ್ತಿ ಮಾಡಿ ಇಳಿಸಿದೆ. ಒಂದು ಮಡಕೆ ನೀರು ನಾಲ್ಕೈದು ದಿನ ಹನಿಯುತ್ತದೆ. ಸುತ್ತ ಜಾಲಿ ಮುಳ್ಳಿನ ಬೇಲಿ. ಬೇವಿನ ಬೀಜ ಮಾತ್ರ ಕಾಯುವುದಿಲ್ಲ. ಹಣ್ಣು ಉದುರಿದ ಕೆಲವೇ ವಾರದಲ್ಲಿ ಬಿತ್ತದಿದ್ದರೆ ಅದರ ಜೀವ ಹೋಗುತ್ತದೆ. ಆಡಿ ತಿಂಗಳಲ್ಲಿ ಅಮ್ಮಾಪೇಟೆಯ ನಮ್ಮ ಬೀದಿಯ ಮರದಡಿ ಹಣ್ಣು ಆಯ್ದು, ಅದೇ ದಿನ ಬಸ್ಸು ಹತ್ತಿದೆ. ತಾತ ತೀಡುತ್ತ ನಡೆದ ಮರದ ಬೀಜ ಅದು. ಅರಳಿ, ಆಲವನ್ನು ಜಮೀನಿನಲ್ಲಿ ಹಾಕದೆ ಊರವರನ್ನು ಕೇಳಿ ಕೆರೆಯ ಏರಿಯ ಕೊನೆಗೆ ಹಾಕಿದೆ. ಸೇಲಂನ ಮೂಕನೇರಿಯಲ್ಲಿ 2010ರಲ್ಲಿ ಊರ ಜನವೇ ಕೂಡಿ ಹೂಳೆತ್ತಿ, ಆ ಹೂಳಿನಿಂದ ಕೆರೆಯೊಳಗೆ ದಿಬ್ಬಗಳನ್ನು ಕಟ್ಟಿ ಗಿಡ ನೆಟ್ಟಿದ್ದನ್ನು ನೋಡಿದ್ದೆ. ಅಲ್ಲಿ ಈಗ ಹಕ್ಕಿಗಳ ಸಂತೆ. ಕೆರೆಯ ಮಣ್ಣು ಮರಕ್ಕೆ ಎಷ್ಟು ಒಗ್ಗುತ್ತದೆಂದು ಅಲ್ಲಿ ಕಲಿತೆ.

ಹೋದದ್ದೂ ಇದೆ. ಎರಡು ಹುಣಸೆ ಮೇಕೆಯ ಬಾಯಿಗೆ, ಒಂದು ಮಾವು ಗೆದ್ದಲಿಗೆ. ಮತ್ತೆ ಊರಿದೆ. ನೆಲ್ಲಿ ಮೂರನೆಯ ವರ್ಷಕ್ಕೇ ಆಳೆತ್ತರವಾಗಿ ಸಣ್ಣೆಲೆಯ ಬೀಸಣಿಗೆ ಬಿಚ್ಚಿತು. ಬೇಲ ಮಾತ್ರ ಎರಡು ಸಲ ತಂದ ಸಸಿಯೂ ಒಣಗಿಹೋಯಿತು. ಹುಣಸೆಗಳು ಈಗ ನನ್ನ ತಲೆಗಿಂತ ಎತ್ತರ. ಹೋದ ವೈಗಾಸಿಯಲ್ಲಿ ಒಂದು ಮೊದಲ ಸಲ ಹೂಬಿಟ್ಟಿತು, ಹಳದಿಯ ಮೇಲೆ ಕೆಂಪು ಗೀರಿನ ಪುಟ್ಟ ಹೂ. ಮಾವ ಒಂದು ಹೂ ಕಿತ್ತು ಬಾಯಿಗೆ ಹಾಕಿಕೊಂಡು, “ಹುಳಿ ಚೆನ್ನಾಗಿದೆ” ಎಂದರು. ಗಿಡ ಒಪ್ಪಿಕೊಂಡೆ ಎಂದು ಹೇಳುವ ರೀತಿ ಅವರದು.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ರಜಕ್ಕೆ ಬಂದಾಗ ಜೊತೆಗೆ ಜಮೀನಿಗೆ ಬರುತ್ತಾಳೆ. ಪದ್ಯವನ್ನು ಅವಳಿಗೆ ಬೆರಳು ಮಡಿಸಿಯೇ ಹೇಳಿಕೊಟ್ಟೆ. ಹಳೆಯ ಹೆದ್ದಾರಿಯ ನಂಬರುಗಳ ಕಥೆಯನ್ನೂ ಹೇಳಿದೆ. ಅವಳು ಸೀಮೆಸುಣ್ಣ ತಂದು ಪ್ರತಿ ಗಿಡದ ಬುಡದ ಕಲ್ಲಿನ ಮೇಲೆ ಪದ್ಯದ ಕ್ರಮದಲ್ಲೇ ನಂಬರು ಬರೆಯುತ್ತ ಹೊರಟಳು. ಅರಳಿ 1, ಬೇವು 2, ಆಲ 3. ಹುಣಸೆಗಳು 4ರಿಂದ 13. ಆಮೇಲೆ ಒಂದು ಖಾಲಿ ಗುಂಡಿ. ಅಲ್ಲಿ ನಿಂತು, “ತಾತಾ, ಹದಿನಾಲ್ಕು ಎಲ್ಲಿ?” ಎಂದಳು. ಬೇಲದ ಗಿಡ ಉಳಿಯಲಿಲ್ಲ ಮಗಳೇ ಎಂದೆ. ಹದಿನೈದು ಬರೆಯದೆ ಸುಣ್ಣದ ಕಡ್ಡಿಯನ್ನು ಜೇಬಿಗಿಟ್ಟುಕೊಂಡಳು.

ಈ ಸಲದ ವಿನಾಯಕ ಚೌತಿಗೆ ಪೆನ್ನಾಗರದ ಸಂತೆಯಲ್ಲಿ ಬೇಲದ ಹಣ್ಣು ಬಂದಿತ್ತು. ಎಕ್ಕದ ಹೂವಿನ ಹಾರ, ಮಣ್ಣಿನ ಗಣಪನ ಪಕ್ಕದಲ್ಲಿ ಬೂದು ಬಣ್ಣದ ಗುಂಡುಗಳು. ಮೂಸಿ ನೋಡಿ ಘಮ ಇದ್ದವನ್ನು ಮೂರು ಕೊಂಡೆವು. ಪೂಜೆ ಮುಗಿದ ಮೇಲೆ ಮೊಮ್ಮಗಳು ಒಂದನ್ನು ಹೊಸಿಲಿನ ಕಲ್ಲಿಗೆ ಕುಕ್ಕಿ ಒಡೆದಳು. ಬೆಲ್ಲ ಬೆರೆಸಿ ತಿನ್ನುವಾಗ ಬೀಜವನ್ನೆಲ್ಲ ಉಗಿದು ತಟ್ಟೆಯ ಅಂಚಿಗೆ ಕೂಡಿಸಿದಳು. ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಆರಲು ಇಟ್ಟೆವು. ಸಂಜೆ ಮಳೆ ಬಂತು, ಮರುದಿನವೂ ಬಂತು. ಮೂರನೆಯ ದಿನ ಗುಂಡಿಯ ಮಣ್ಣು ಕೈಗೆ ಮೆತ್ತಗೆ ಸಿಕ್ಕಿತು. ನಾಲ್ಕು ಬೀಜ ಊರಿ ಮಣ್ಣು ಮುಚ್ಚಿದೆ. ಅವಳು ಕಲ್ಲಿನ ಮೇಲೆ 14 ಎಂದು ದಪ್ಪವಾಗಿ ಬರೆದಳು. ಮೋಡ ಇನ್ನೂ ಕಟ್ಟಿತ್ತು. ಅಳಿಸಿಹೋಗಬಾರದೆಂದು ಮಾವನ ಮನೆಯಿಂದ ಒಂದು ತೆಂಗಿನ ಕರಟ ತಂದು ಅದರ ಮೇಲೆ ಕವುಚಿಟ್ಟಳು.